ಕೆಲಸ ಕಲಿಸುವ ಕೆಲಸಕ್ಕೆ ನಮ್ಮ ಮಕ್ಕಳು

(ಮಕ್ತಲದಲ್ಲಿ ಕನ್ನಡ ಮಾಧ್ಯಮ ವಿದ್ಯಾರ್ಥಿಗಳ ಪಾಲಕರ ಮುಂದೆ ಮಾಡಿದ ಭಾಷಣದ ಪಠ್ಯ)



ಮಕ್ಕಳ ಭವಿಷ್ಯದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ಭವಿಷ್ಯ ಬಹಳ ದೊಡ್ಡ ಶಬ್ದ. ನಾನು ಒಂದು ನೌಕರಿ, ಅದರ ದಾರಿಯಲ್ಲಿ ಸಿಗುವ ವಿದ್ಯಾರ್ಥಿವೇತನ, ಮತ್ತು ನೀವು ಮನೆಯ ಟ್ರಂಕಿನಲ್ಲಿ ಜೋಪಾನವಾಗಿ ಇಡಬೇಕಾದ ಒಂದು ಕಾಗದ, ಇಷ್ಟರ ಬಗ್ಗೆ ಮಾತ್ರ ಹೇಳಿ ಕೂಡುತ್ತೇನೆ.

ಮಗ ಏನಾಗಬೇಕು ಎಂದು ಕೇಳಿದರೆ ಡಾಕ್ಟರ್, ಇಂಜಿನಿಯರ್, ಪೊಲೀಸ್, ಮಾಸ್ತರ ಎನ್ನುತ್ತೀರಿ. ಐ.ಟಿ.ಐ.ಯಲ್ಲಿ ತರಬೇತಿ ಅಧಿಕಾರಿ ಆಗಲಿ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಜಿಲ್ಲಾ ಉದ್ಯೋಗ ಕಚೇರಿ, ಕೌಶಲ ತರಬೇತಿ ಕೇಂದ್ರ, ನೇಕಾರರ ಸೇವಾ ಕೇಂದ್ರ, ಇಲ್ಲೆಲ್ಲ ಜನರನ್ನು ದುಡಿಮೆಗೆ ತಯಾರು ಮಾಡುವ ಸರಕಾರಿ ನೌಕರಿಗಳಿವೆ. ಎಲ್ಲ ಸರಕಾರಿ ನೌಕರಿಯಂತೆ ಇಲ್ಲಿಯೂ ಸ್ಪರ್ಧೆ ಇದೆ, ಜಾಗ ಕರೆಯುವುದು ತಡವಾಗುತ್ತದೆ. ಆದರೂ ನಮ್ಮ ಭಾಗಕ್ಕೆ ಇದು ಬೇಕಾದ ನೌಕರಿ. ಕಾರಣ ನಿಮಗೇ ಗೊತ್ತು. 'ಪಾಲಮೂರು ಕೂಲಿ' ಎಂಬ ಹೆಸರು ಹೈದರಾಬಾದಿನಿಂದ ಮುಂಬಯಿವರೆಗೆ ಗೊತ್ತಿದೆ. ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿದವನ ಕೈಯಲ್ಲಿ ವಿದ್ಯೆ ಇದೆ, ಅದಕ್ಕೊಂದು ಕಾಗದ ಇಲ್ಲ. ಮೊದಲೇ ಬಲ್ಲ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಕೇಂದ್ರದ ಕೌಶಲ ಯೋಜನೆಯಲ್ಲಿದೆ. ಅದನ್ನು ಅವನಿಗೆ ಅವನ ಮಾತಿನಲ್ಲಿ ತಿಳಿಸುವವರು ಯಾರು? ಒಂದು ಕಚೇರಿಯಲ್ಲಿ, ಅದರ ಹೆಸರು ಬೇಡ, ಕೃಷ್ಣಾ ಮಂಡಲದ ಹುಡುಗನೊಬ್ಬ ತೆಲುಗಿನ ಅರ್ಜಿ ಹಿಡಿದು ಅರ್ಧ ದಿನ ನಿಂತದ್ದನ್ನು ನೋಡಿದ್ದೇನೆ. ಕಿಟಕಿಯ ಆಚೆ ಕನ್ನಡ ಬಲ್ಲ ಒಬ್ಬರಿದ್ದರೆ ಹತ್ತು ನಿಮಿಷದ ಕೆಲಸ.

ಈಗ ಆ ಕಾಗದದ ಮಾತು. ತೆಲಂಗಾಣದಲ್ಲಿ ರಾಜ್ಯ ಸರಕಾರದ ನೇರ ನೇಮಕಾತಿಯಲ್ಲಿ 100ಕ್ಕೆ 95 ಹುದ್ದೆ ಸ್ಥಳೀಯರಿಗೆ. ಸ್ಥಳೀಯ ಎಂದರೆ ಯಾರು? 2018ರ ರಾಷ್ಟ್ರಪತಿ ಆದೇಶದಂತೆ, 1ರಿಂದ 7ನೇ ತರಗತಿಯೊಳಗೆ ಕನಿಷ್ಠ 4 ವರ್ಷ ಯಾವ ಭಾಗದಲ್ಲಿ ಓದಿದ್ದಾರೋ ಆ ಭಾಗದವರು. ನಾರಾಯಣಪೇಟೆ, ಜೋಗುಳಾಂಬ ಗದ್ವಾಲ, ವನಪರ್ತಿ, ನಾಗರಕರ್ನೂಲ, ಮಹಬೂಬನಗರ ಸೇರಿ ಜೋಗುಳಾಂಬ ವಲಯ. ಓದಿದ ಊರು ಯಾವುದೆಂದು ಕೇಳುತ್ತಾರೆ, ಓದಿದ ಭಾಷೆ ಯಾವುದೆಂದು ಕೇಳುವುದಿಲ್ಲ. ಕೃಷ್ಣಾ ಮಂಡಲದ ಕನ್ನಡ ಸಾಲಿಯಲ್ಲಿ ಏಳು ವರ್ಷ ಕೂತ ಹುಡುಗಿ ಈ ಜಿಲ್ಲೆಯ ತೆಲುಗು ಸಾಲಿಯ ಹುಡುಗಿಯಷ್ಟೇ ಸ್ಥಳೀಯಳು.

ಇದನ್ನು ಒತ್ತಿ ಹೇಳಲು ಕಾರಣವಿದೆ. ಸಾಲಿಯಲ್ಲಿ ಮಾಸ್ತರರು ಕಡಿಮೆ ಎಂದು ಹಲವರು ಮಗುವನ್ನು ರಾಯಚೂರಿಗೋ ಯಾದಗಿರಿಗೋ ಸೋದರಮಾವನ ಮನೆಗೆ ಕಳಿಸುತ್ತೀರಿ. ಎರಡು ವರ್ಷ ಕಳಿಸಿದರೆ ತೊಂದರೆ ಇಲ್ಲ. ಐದು ವರ್ಷ ಅಲ್ಲೇ ಓದಿದರೆ, ಮುಂದೆ ಇಲ್ಲಿ ನೌಕರಿಗೆ ಅರ್ಜಿ ಹಾಕುವಾಗ ನಿಮ್ಮ ಮಗ ನಿಮ್ಮೂರಿನಲ್ಲೇ ಹೊರಗಿನವನಾಗುತ್ತಾನೆ. ಹೋಗಲಿ, ಅಲ್ಲಿ ಲಾಭವಾದೀತು ಎಂದರೆ, ಕಲ್ಯಾಣ ಕರ್ನಾಟಕಕ್ಕೆ 2012ರ ತಿದ್ದುಪಡಿಯಿಂದ ಬಂದ 371-ಜೆ ವಿಧಿ ಆ ಕಡೆಯ ಜಿಲ್ಲೆಗಳವರಿಗಾಗಿ ಇರುವುದು. 1956ರ ನವೆಂಬರ್ 1ರವರೆಗೆ ರಾಯಚೂರು, ಮಕ್ತಲ ಎರಡೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅಂದು ಎಳೆದ ಗೆರೆ ಇಂದು ನೌಕರಿಯ ಅರ್ಜಿಯಲ್ಲಿ ಎದುರಾಗುತ್ತದೆ. ಹೀಗಾಗಿ 1ರಿಂದ 7ನೇ ತರಗತಿವರೆಗಿನ ಬೋನಾಫೈಡ್ ಪ್ರಮಾಣಪತ್ರವನ್ನು ಮುಖ್ಯೋಪಾಧ್ಯಾಯರಿಂದ ಈಗಲೇ ಬರೆಸಿಕೊಂಡು ಇಡಿರಿ. ಹದಿನೈದು ವರ್ಷದ ನಂತರ ಸಾಲಿಯ ಹಳೆಯ ರಜಿಸ್ಟರ್ ಸಿಗುತ್ತದೆಂಬ ಭರವಸೆ ಇಲ್ಲ. ಕಾಲೇಜು ಪ್ರವೇಶದ ಸ್ಥಳೀಯತೆಯ ನಿಯಮ ಬೇರೆ, ಅದನ್ನು ಇದರೊಂದಿಗೆ ಬೆರೆಸಬೇಡಿ.

ಇನ್ನು ವಿದ್ಯಾರ್ಥಿವೇತನ. ಎಂಟನೇ ತರಗತಿಯಲ್ಲಿ ಎನ್.ಎಂ.ಎಂ.ಎಸ್. ಎಂಬ ಪರೀಕ್ಷೆ ಇದೆ. 2008ರಲ್ಲಿ ಕೇಂದ್ರ ಸರಕಾರ ಆರಂಭಿಸಿದ್ದು. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಸರಕಾರಿ, ಸ್ಥಳೀಯ ಸಂಸ್ಥೆ, ಅನುದಾನಿತ ಸಾಲಿಗಳ ಮಕ್ಕಳಿಗೆ ಮಾತ್ರ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಏಳನೇ ತರಗತಿಯಲ್ಲಿ ಶೇಕಡಾ 55 ಅಂಕ ಇರಬೇಕು, ಪರಿಶಿಷ್ಟರಿಗೆ 5 ಅಂಕದ ಸಡಿಲಿಕೆ. ಬುದ್ಧಿಶಕ್ತಿಯ 90 ಪ್ರಶ್ನೆ, ಪಾಠಗಳ 90 ಪ್ರಶ್ನೆ. ಪ್ರಶ್ನೆಪತ್ರಿಕೆ ಯಾವ ಯಾವ ಭಾಷೆಯಲ್ಲಿ ಬರುತ್ತದೆ ಎಂದು ಅರ್ಜಿ ತುಂಬುವ ಮೊದಲೇ ಕೇಳಿ. ಕನ್ನಡ ಇಲ್ಲವೆಂದರೆ ಬಾಯಿಮಾತಿನಲ್ಲಿ ಬಿಡದೆ ಬರೆದು ಕೇಳಿ, ಒಂದು ಪ್ರತಿ ಇಟ್ಟುಕೊಳ್ಳಿ.

ಗದ್ವಾಲದ ಕಡೆಯಿಂದ ಬಂದ ಪಾಲಕರಿಗೆ ಒಂದು ಮಾತು, ಸಿಟ್ಟಾಗಬೇಡಿ. ಹತ್ತಿ ಬೀಜದ ಹೊಲದಲ್ಲಿ ಕ್ರಾಸಿಂಗ್ ಕೆಲಸ ಶುರುವಾದರೆ ನಡಿಗಡ್ಡೆಯ ಸಾಲಿಗಳಲ್ಲಿ ಬೆಂಚು ಖಾಲಿ. ಹೂವಿಗೆ ಸಣ್ಣ ಬೆರಳೇ ಬೇಕು ಎಂದು ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಕರೆದೊಯ್ಯುತ್ತಾರೆ. ಈ ಪರೀಕ್ಷೆಯ ಅರ್ಜಿ, ತಯಾರಿ ಬರುವುದೂ ಹೆಚ್ಚುಕಡಿಮೆ ಆ ತಿಂಗಳುಗಳಲ್ಲೇ. ಒಂದು ಹಂಗಾಮಿನ ಕೂಲಿಯನ್ನೂ ನಾಲ್ಕು ವರ್ಷದ 48,000ವನ್ನೂ ನೀವೇ ತೂಗಿ ನೋಡಿ. ಬಡತನದ ಲೆಕ್ಕ ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಹಣ ತಪ್ಪುವುದು ಹೆಚ್ಚಾಗಿ ಹೆಸರಿನಲ್ಲಿ. ಸಾಲಿಯಲ್ಲಿ ಕನ್ನಡದಲ್ಲಿ 'ಬಸಪ್ಪ', ಆಧಾರಿನಲ್ಲಿ ಇಂಗ್ಲಿಷಿನಲ್ಲಿ ಇನ್ನೊಂದು ಬಗೆ, ತೆಲುಗಿನ ಜಾತಿ ಪ್ರಮಾಣಪತ್ರದಲ್ಲಿ 'ಬಸ್ಸಪ್ಪ'. ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು. ಜಾತಿಯ ಹೆಸರೂ ಹಾಗೆಯೇ: ನಾವು ಕುರುಬರು ಎನ್ನುತ್ತೇವೆ, ಇಲ್ಲಿ ಕುರುಮ ಎನ್ನುತ್ತಾರೆ. ಇದಕ್ಕಿಂತ ನೋವಿನ ಸಂಗತಿ ಬೇಡ-ವಾಲ್ಮೀಕಿ ಕುಟುಂಬಗಳದ್ದು. ಹೊಳೆಯ ಆಚೆ ರಾಯಚೂರಿನ ಬೀಗರು ಪರಿಶಿಷ್ಟ ಪಂಗಡ. ಈಚೆ ಬೋಯ ಎಂದು ಹಿಂದುಳಿದ ವರ್ಗದ 'ಎ' ಗುಂಪು. ಸರಿಯೋ ತಪ್ಪೋ ಎಂಬುದು ಬೇರೆ ಹೋರಾಟ. ಅರ್ಜಿ ತುಂಬುವಾಗ ಮಾತ್ರ ಬೀಗರ ಪ್ರಮಾಣಪತ್ರ ನೋಡಿ ಬರೆಯಬೇಡಿ.

ಹತ್ತನೇ ತರಗತಿಯಲ್ಲಿ ಶೇಕಡಾ 60 ಬಂದರೆ ಈ ವೇತನ 11, 12ಕ್ಕೆ ಮುಂದುವರಿಯುತ್ತದೆ. ಪ್ರತಿ ವರ್ಷ ನವೀಕರಣ ಮರೆಯಬಾರದು. ಐ.ಟಿ.ಐ. ಅಥವಾ ಪಾಲಿಟೆಕ್ನಿಕ್ ಸೇರಿದರೆ ದಾರಿ ಬದಲು: ರಾಜ್ಯದ ಈ-ಪಾಸ್ ಮೂಲಕ ಮೆಟ್ರಿಕ್ ನಂತರದ ವೇತನಕ್ಕೆ ಅರ್ಜಿ ಹಾಕಬೇಕು. ಆ ಹಣ ತಡವಾಗಿ ಬರುತ್ತದೆ. ಬರುತ್ತದೆ ಎಂದು ನಂಬಿ ಸಾಲ ಮಾಡಬೇಡಿ.

ಐ.ಟಿ.ಐ. ಎಂದರೆ ಫೇಲಾದವರ ಜಾಗ ಎಂಬ ತಾತ್ಸಾರ ನಮ್ಮಲ್ಲಿದೆ. ನನಗದು ಒಪ್ಪಿಗೆಯಿಲ್ಲ. ತೆಲಂಗಾಣ 2024ರಲ್ಲಿ 65 ಸರಕಾರಿ ಐ.ಟಿ.ಐ.ಗಳನ್ನು ಹೊಸ ಯಂತ್ರಗಳ ತಂತ್ರಜ್ಞಾನ ಕೇಂದ್ರಗಳಾಗಿ ಮಾಡುವ ಕೆಲಸಕ್ಕೆ ಕೈಹಾಕಿತು. ಯಂತ್ರ ಬಂದರೆ ಕಲಿಸುವವರೂ ಬೇಕು. ಐ.ಟಿ.ಐ. ಪ್ರಮಾಣಪತ್ರವೋ ಡಿಪ್ಲೊಮಾವೋ ಇದ್ದವರು ಬೋಧಕರ ತರಬೇತಿಯನ್ನು, ಸಿ.ಐ.ಟಿ.ಎಸ್. ಎನ್ನುತ್ತಾರೆ, ಒಂದು ವರ್ಷ ಮಾಡಬಹುದು. ಹೈದರಾಬಾದಿನ ವಿದ್ಯಾನಗರದ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಯಲ್ಲಿ ಅದಿದೆ. ಅಸಿಸ್ಟೆಂಟ್ ಟ್ರೇನಿಂಗ್ ಆಫೀಸರ್ ಆಗಬೇಕೆಂಬುವರಿಗೆ ಇದು ಗಟ್ಟಿ ಮೆಟ್ಟಿಲು. ನಾರಾಯಣಪೇಟೆ, ಗದ್ವಾಲದ ಸೀರೆ ದೇಶಕ್ಕೇ ಗೊತ್ತು. ಮಗ್ಗದ ಮನೆಯ ಮಕ್ಕಳಿಗೆ ಕೈಮಗ್ಗ ತಂತ್ರಜ್ಞಾನದ ಮೂರು ವರ್ಷದ ಡಿಪ್ಲೊಮಾ ಇದೆ. 2024ರಿಂದ ಹೈದರಾಬಾದಿನಲ್ಲೇ ಕೊಂಡಾ ಲಕ್ಷ್ಮಣ ಬಾಪೂಜಿ ಹೆಸರಿನ ಸಂಸ್ಥೆ ನಡೆಯುತ್ತಿದೆ. ನೇಯುವವರ ಮಗಳು ನೇಕಾರರಿಗೆ ಹೊಸ ವಿನ್ಯಾಸ ಕಲಿಸುವ ಸರಕಾರಿ ನೌಕರಳಾದರೆ ಅದರಲ್ಲಿ ವಿಚಿತ್ರವೇನಿದೆ?

'ನೌಕರಿ ಪರೀಕ್ಷೆ ಕನ್ನಡದಲ್ಲಿ ಇಲ್ಲವಲ್ಲ, ಮತ್ತೇಕೆ ಕನ್ನಡ ಸಾಲಿ?' ಎಂಬ ಪ್ರಶ್ನೆ ಬರುತ್ತದೆ, ಬರಲಿ. ಸಂವಿಧಾನದ 350-ಎ ವಿಧಿ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಲಭ್ಯ ಕೊಡಬೇಕೆನ್ನುತ್ತದೆ. ನೌಕರಿಯ ಬಗ್ಗೆ ಕೇಂದ್ರದ 1956ರ ಜ್ಞಾಪನಪತ್ರವನ್ನು ಆಧರಿಸಿದ ರಕ್ಷಣೆಗಳಿವೆ: ರಾಜ್ಯಭಾಷೆ ಬರಲೇಬೇಕೆಂದು ನೇಮಕಾತಿಗೆ ಮೊದಲೇ ಷರತ್ತು ಹಾಕಬಾರದು, ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಲು ಬಿಡಬೇಕು, ರಾಜ್ಯಭಾಷೆಯ ಪರೀಕ್ಷೆಯನ್ನು ಆಯ್ಕೆಯಾದ ಮೇಲೆ, ಪ್ರೊಬೇಷನ್ ಮುಗಿಯುವುದರೊಳಗೆ ಇಡಬೇಕು. ಇದು ಶಾಸನವಲ್ಲ, ರಾಜ್ಯಗಳಿಗೆ ನೆನಪಿಸುತ್ತಲೇ ಇರಬೇಕಾದ ಮಾತು. ಆದರೆ ಅದನ್ನೇ ನೆಚ್ಚಿ ತೆಲುಗು ಬಿಡಬೇಡಿ. ಆರನೇ ತರಗತಿಗೆ ಬರುವಷ್ಟರಲ್ಲಿ ಮಗುವಿಗೆ ತೆಲುಗು ಓದಿ ಬರೆಯಲು ಬರಬೇಕು, ಹತ್ತಕ್ಕೆ ಬರುವಷ್ಟರಲ್ಲಿ ಒಂದು ಅರ್ಜಿಯನ್ನು ಇಂಗ್ಲಿಷಿನಲ್ಲಿ ತಾನೇ ತುಂಬಬೇಕು. ಲೆಕ್ಕ, ವಿಜ್ಞಾನ ಕನ್ನಡದಲ್ಲಿ ಗಟ್ಟಿಯಾಗಿ ಅರ್ಥವಾದ ಮಗು ಇದನ್ನು ಮಾಡುತ್ತದೆ. ನಮ್ಮ ಗುರುಗಳು ಇದಕ್ಕಾಗಿ ವಾರಕ್ಕೆರಡು ಗಂಟೆ ಕೊಟ್ಟರೆ ಸಾಕು. ಅವರಿಲ್ಲಿ ಕೂತಿದ್ದಾರೆ, ಅದಕ್ಕೇ ಹೇಳಿದೆ.

ಈಗ ಚಹಾ ಬರುತ್ತದೆ. ಏಳು ಮತ್ತು ಎಂಟನೇ ತರಗತಿಯ ಮಕ್ಕಳ ಪಾಲಕರು ಹೋಗಬೇಡಿ. ಆಧಾರ್, ಬ್ಯಾಂಕ್ ಪುಸ್ತಕ, ಜಾತಿ ಪ್ರಮಾಣಪತ್ರ ತಂದವರು ಮುಂದಿನ ಸಾಲಿಗೆ ಬನ್ನಿ, ಹೆಸರುಗಳನ್ನು ಒಂದೊಂದಾಗಿ ಹೋಲಿಸಿ ನೋಡೋಣ.