ಮುಂಬಯಿಯ ಮುಸ್ಲಿಂ ಸಮುದಾಯ: ಆಶ್ರಯದಿಂದ ಹಕ್ಕಿನವರೆಗೆ



‘ಅಲ್ಪಸಂಖ್ಯಾತರು’ ಎಂಬ ಪದವನ್ನು ನಮ್ಮ ಸಂವಿಧಾನ ಬಳಸಿದೆ. ಆದರೆ ಅದಕ್ಕೆ ವ್ಯಾಖ್ಯೆಯನ್ನು ಕೊಟ್ಟಿಲ್ಲ. ಸಂಖ್ಯೆ ಕಡಿಮೆ ಎಂಬುದೊಂದೇ ಯಾವ ಸಮುದಾಯದ ಸ್ಥಿತಿಯನ್ನೂ ನಿರ್ಧರಿಸಲಾರದು. ಅದು ಯಾರ ಭರವಸೆಯ ಮೇಲೆ ಬಾಳುತ್ತಿದೆ ಎಂಬುದೇ ಮುಖ್ಯವಾದ ಪ್ರಶ್ನೆ. ಈ ಪ್ರಶ್ನೆಗೆ ಉತ್ತರ ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತೆಂಬುದನ್ನು ಮುಂಬಯಿಯ ಮುಸ್ಲಿಮರ ಇತಿಹಾಸ ತೋರಿಸಿಕೊಡುತ್ತದೆ.

ಈ ಇತಿಹಾಸದ ಮೊದಲ ಪುಟಗಳಲ್ಲಿಯೇ ಕನ್ನಡ ನಾಡಿನ ಹೆಸರಿದೆ. ಹತ್ತನೆಯ ಶತಮಾನದಲ್ಲಿ ಮುಂಬಯಿ ಎಂಬ ನಗರವಿರಲಿಲ್ಲ. ಠಾಣೆ, ಸೋಪಾರ, ಚೌಲ, ಸಂಜಾಣ ಮುಂತಾದ ಬಂದರುಗಳಿದ್ದವು. ಈ ಕರಾವಳಿಯ ಬಹುಭಾಗವನ್ನು ಶಿಲಾಹಾರರು ಮಾನ್ಯಖೇಟದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದ, ರಾಷ್ಟ್ರಕೂಟರ ಸಾಮಂತರಾಗಿ ಆಳುತ್ತಿದ್ದರು. ಅರಬ್ ಲೇಖಕರು ರಾಷ್ಟ್ರಕೂಟ ಚಕ್ರವರ್ತಿಯನ್ನು ‘ಬಲ್ಹರಾ’ ಎಂದು ಕರೆದು, ಆತನು ತಮ್ಮವರನ್ನು ಆದರದಿಂದ ಕಾಣುತ್ತಾನೆಂದು ಹೊಗಳಿದ್ದಾರೆ. ಕ್ರಿ.ಶ. 916ರ ಸುಮಾರಿಗೆ ಚೌಲಕ್ಕೆ ಬಂದ ಅಲ್ ಮಸೂದಿ ಎಂಬ ಪ್ರವಾಸಿ, ಅಲ್ಲಿ ಸುಮಾರು ಹತ್ತು ಸಾವಿರ ಮುಸ್ಲಿಮರು ನೆಲೆಸಿದ್ದರೆಂದು ಬರೆದಿದ್ದಾನೆ. ಅವರಲ್ಲಿ ಹಲವರು ಈ ನೆಲದಲ್ಲಿಯೇ ಹುಟ್ಟಿದವರು. ಅವರ ವ್ಯಾಜ್ಯಗಳನ್ನು ಅವರ ಧರ್ಮದ ಕಟ್ಟಳೆಗಳಂತೆ ತೀರ್ಮಾನಿಸಲು ಅರಸನು ಅವರೊಳಗಿನ ಒಬ್ಬ ಪ್ರಮುಖನನ್ನೇ ನೇಮಿಸುತ್ತಿದ್ದನು.

ಇದಕ್ಕಿಂತಲೂ ಗಮನಾರ್ಹವಾದುದು ಇಂದಿನ ಪಾಲಘರ ಜಿಲ್ಲೆಯ ಚಿಂಚಣಿಯಲ್ಲಿ ದೊರೆತ ಕ್ರಿ.ಶ. 926ರ ತಾಮ್ರಶಾಸನ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನು ಸಂಜಾಣ ಮಂಡಲದ ಆಡಳಿತವನ್ನು ಮಧುಮತಿ ಎಂಬ ತಾಜಿಕನಿಗೆ ವಹಿಸಿದ್ದನು. ತಾಜಿಕನೆಂದರೆ ಅರಬ್ ವಂಶದವನು. ಮಧುಮತಿ ಎಂಬುದು ಮುಹಮ್ಮದ್ ಎಂಬ ಹೆಸರಿನ ಸಂಸ್ಕೃತ ರೂಪವೆಂದು ವಿದ್ವಾಂಸರ ಮತ. ಈ ಅಧಿಕಾರಿ ನದಿ ದಾಟುವವರಿಗೆ ಉಚಿತ ದೋಣಿಯನ್ನೂ ಹಸಿದವರಿಗೆ ಅನ್ನಸತ್ರವನ್ನೂ ಏರ್ಪಡಿಸಿದನು. ಮುಮ್ಮಡಿ ಇಂದ್ರನ ಕಾಲದಲ್ಲಿ ದೇವಿಯ ಆರಾಧನೆ ನಡೆಯುತ್ತಿದ್ದ ಒಂದು ಮಠಕ್ಕೆ ಭೂದಾನ ಮಾಡಿದನು. ಕನ್ನಡ ಚಕ್ರವರ್ತಿಯ ಮುಸ್ಲಿಂ ಅಧಿಕಾರಿಯೊಬ್ಬನು ಹಿಂದೂ ಮಠಕ್ಕೆ ಕೊಟ್ಟ ದಾನವಿದು. ಆದರೂ ಅಂದಿನ ಆ ನೆಮ್ಮದಿ ಅರಸನ ಔದಾರ್ಯವನ್ನು ಅವಲಂಬಿಸಿತ್ತು ಎಂಬುದನ್ನು ಮರೆಯುವಂತಿಲ್ಲ. ಅರಸನು ಬದಲಾದರೆ ಭರವಸೆಯೂ ಬದಲಾಗಬಹುದಾಗಿತ್ತು.

ಮುಂದೆ ಈ ಪ್ರದೇಶ ಗುಜರಾತಿನ ಸುಲ್ತಾನರ ವಶಕ್ಕೆ ಬಂದಿತು. ಆ ಕಾಲದಲ್ಲಿ ಮಾಹಿಮಿನಲ್ಲಿ ಬಾಳಿದ ಮಖ್ದೂಮ್ ಅಲಿ ಮಾಹಿಮಿ (1372–1431) ಕುರಾನಿಗೆ ಅರಬ್ಬೀ ಭಾಷೆಯಲ್ಲಿ ವ್ಯಾಖ್ಯಾನ ಬರೆದ ಪಂಡಿತರು. ಅವರು ನವಾಯತ ಮನೆತನದವರು; ನಮ್ಮ ಭಟ್ಕಳದ ನವಾಯತರನ್ನು ಬಲ್ಲ ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. ಮಾಹಿಮಿನ ದರ್ಗಾದಲ್ಲಿ ಪ್ರತಿ ಡಿಸೆಂಬರಿನಲ್ಲಿ ಉರುಸು ನಡೆಯುತ್ತದೆ. ಮೊದಲ ಗಂಧವನ್ನು ಅರ್ಪಿಸುವ ಗೌರವ ಮುಂಬಯಿ ಪೊಲೀಸರದು.

1534ರಲ್ಲಿ ದ್ವೀಪಗಳು ಪೋರ್ಚುಗೀಸರ ಕೈಸೇರಿದವು. 1668ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ದೊರೆತವು. ನಗರ ಬೆಳೆದಂತೆ ಕೊಂಕಣಿ ಮುಸ್ಲಿಮರ ಜೊತೆಗೆ ಗುಜರಾತ್ ಮತ್ತು ಕಚ್ಛದ ಬೋಹ್ರಾ, ಖೋಜಾ, ಮೇಮನ್ ವರ್ತಕರೂ ಉತ್ತರ ಭಾರತದ ನೇಕಾರರೂ ಬಂದು ನೆಲೆಸಿದರು. ಭಾಷೆ, ಪಂಥ, ಕಸುಬುಗಳಲ್ಲಿ ಅವರು ಒಬ್ಬರಿಗೊಬ್ಬರು ಭಿನ್ನರು. ಮುಸ್ಲಿಮರೆಂದರೆ ಒಂದೇ ಅಚ್ಚಿನವರೆಂಬ ಭಾವನೆ ಮುಂಬಯಿಯ ಮಟ್ಟಿಗಂತೂ ಸರಿಯಲ್ಲ. ಪುರಾತನ ಕೆರೆಯೊಂದರ ಮೇಲೆ ಕಟ್ಟಿದ ಜಾಮಾ ಮಸೀದಿ 1802ರಲ್ಲಿ ಪೂರ್ಣಗೊಂಡಿತು.

ಬ್ರಿಟಿಷರ ಕಾಲದಲ್ಲಿ ಭರವಸೆಯ ನೆಲೆ ಬದಲಾಯಿತು. ಖೋಜಾ ಸಮುದಾಯದ ಒಳಜಗಳವೊಂದು ಮುಂಬಯಿ ಹೈಕೋರ್ಟಿಗೆ ಹೋಗಿ 1866ರಲ್ಲಿ ಆಗಾ ಖಾನರ ಪರವಾಗಿ ತೀರ್ಪಾಯಿತು. ಸಮುದಾಯವು ನ್ಯಾಯಾಲಯದತ್ತ ಮುಖ ಮಾಡಿದಂತೆಯೇ ವಿದ್ಯೆಯತ್ತಲೂ ಮುಖ ಮಾಡಿತು. 1874ರಲ್ಲಿ ಬದ್ರುದ್ದೀನ್ ತ್ಯಾಬ್ಜಿ ಮತ್ತು ಅವರ ಸಂಗಡಿಗರು ಅಂಜುಮನ್-ಎ-ಇಸ್ಲಾಂ ಸಂಸ್ಥೆಯನ್ನು ಸ್ಥಾಪಿಸಿದರು. ತ್ಯಾಬ್ಜಿಯವರು 1887ರಲ್ಲಿ ಮದರಾಸಿನಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದರು. 1897ರಲ್ಲಿ ರಾಜದ್ರೋಹದ ಆರೋಪ ಹೊತ್ತಿದ್ದ ಲೋಕಮಾನ್ಯ ತಿಲಕರಿಗೆ ಜಾಮೀನು ನೀಡಿದ ನ್ಯಾಯಮೂರ್ತಿಗಳೂ ಅವರೇ. 1942ರಲ್ಲಿ ಮುಂಬಯಿಯ ಮೇಯರ್ ಆಗಿದ್ದ ಯೂಸುಫ್ ಮೆಹರ್ ಅಲಿಯವರ ಹೆಸರು ‘ಕ್ವಿಟ್ ಇಂಡಿಯಾ’ ಎಂಬ ಘೋಷಣೆಯೊಡನೆ ಸೇರಿಕೊಂಡಿದೆ.

1950ರಲ್ಲಿ ಜಾರಿಗೆ ಬಂದ ಸಂವಿಧಾನವು ಆಶ್ರಯವನ್ನು ಹಕ್ಕನ್ನಾಗಿ ಮಾಡಿತು. 25ನೆಯ ಅನುಚ್ಛೇದ ಎಲ್ಲರಿಗೂ ಧಾರ್ಮಿಕ ಸ್ವಾತಂತ್ರ್ಯವನ್ನು ನೀಡಿದೆ. 29 ಮತ್ತು 30ನೆಯ ಅನುಚ್ಛೇದಗಳು ಭಾಷೆ, ಸಂಸ್ಕೃತಿ ಮತ್ತು ಶಿಕ್ಷಣ ಸಂಸ್ಥೆಗಳನ್ನು ರಕ್ಷಿಸುತ್ತವೆ. ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗದ ಕಾಯಿದೆ 1992ರಲ್ಲಿ ಬಂದಿತು.

ಅದೇ ವರ್ಷದ ಡಿಸೆಂಬರಿನಲ್ಲಿಯೂ 1993ರ ಜನವರಿಯಲ್ಲಿಯೂ ಮುಂಬಯಿ ಹೊತ್ತಿ ಉರಿಯಿತು. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಆಯೋಗದ ವರದಿಯಂತೆ ಸತ್ತವರು 900 ಮಂದಿ. ಅವರಲ್ಲಿ 575 ಮಂದಿ ಮುಸ್ಲಿಮರು, 275 ಮಂದಿ ಹಿಂದೂಗಳು. 1993ರ ಮಾರ್ಚ್ 12ರ ಸರಣಿ ಬಾಂಬ್ ಸ್ಫೋಟಗಳು 257 ಜೀವಗಳನ್ನು ಬಲಿ ತೆಗೆದುಕೊಂಡವು. ಗಲಭೆಯ ನಂತರ ಅನೇಕ ಮುಸ್ಲಿಂ ಕುಟುಂಬಗಳು ತಮ್ಮ ಹಳೆಯ ಕೇರಿಗಳನ್ನು ತೊರೆದು ಠಾಣೆ ಜಿಲ್ಲೆಯ ಮುಂಬ್ರಾದಂತಹ ಕಡೆ ನೆಲೆಸಿದವು. ಹಕ್ಕು ಗ್ರಂಥದಲ್ಲಿ ಬರೆದಿದ್ದರೆ ಸಾಲದು; ಪೊಲೀಸ್ ಠಾಣೆಯಲ್ಲಿಯೂ ನೆರೆಮನೆಯಲ್ಲಿಯೂ ಅದಕ್ಕೆ ಬೆಲೆ ಸಿಗಬೇಕು ಎಂಬ ಕಠೋರ ಪಾಠವನ್ನು ನಗರ ಕಲಿಯಿತು. ಆ ಪಾಠದಿಂದಲೇ ಜೂಲಿಯೋ ರಿಬೇರೊ, ಸತೀಶ್ ಸಾಹ್ನಿ, ಸುಶೋಭಾ ಬರ್ವೆ ಮೊದಲಾದವರ ಪ್ರಯತ್ನದಿಂದ ಮೊಹಲ್ಲಾ ಸಮಿತಿಗಳು ಹುಟ್ಟಿದವು. ಎರಡೂ ಸಮುದಾಯದ ಜನರು ಪೊಲೀಸರೊಡನೆ ಕುಳಿತು ಮಾತನಾಡುವುದು, ವದಂತಿ ಹಬ್ಬುವ ಮೊದಲೇ ನಿಜವನ್ನು ತಿಳಿಸುವುದು ಅವುಗಳ ಕೆಲಸ.

ಹಕ್ಕು ಸಮುದಾಯಕ್ಕೆ ಮಾತ್ರವಲ್ಲ, ಅದರೊಳಗಿನ ಪ್ರತಿ ವ್ಯಕ್ತಿಗೂ ಸೇರಿದ್ದು. ಹಾಜಿ ಅಲಿ ದರ್ಗಾದ ಗರ್ಭಗೃಹಕ್ಕೆ ಮಹಿಳೆಯರ ಪ್ರವೇಶವನ್ನು ತಡೆದಾಗ ನ್ಯಾಯಾಲಯದ ಮೊರೆ ಹೊಕ್ಕವರು ಭಾರತೀಯ ಮುಸ್ಲಿಂ ಮಹಿಳಾ ಆಂದೋಲನದ ಸ್ತ್ರೀಯರೇ. 2016ರ ಆಗಸ್ಟಿನಲ್ಲಿ ಹೈಕೋರ್ಟು ಆ ನಿರ್ಬಂಧ ಸಂವಿಧಾನಕ್ಕೆ ವಿರುದ್ಧವೆಂದಿತು. ಅದೇ ವರ್ಷ ಮಹಿಳೆಯರು ಒಳಗೆ ಪ್ರವೇಶಿಸಿದರು.

2011ರ ಜನಗಣತಿಯಂತೆ ಬೃಹನ್ಮುಂಬಯಿಯ 1 ಕೋಟಿ 24 ಲಕ್ಷ ಜನರಲ್ಲಿ ಐವರಿಗೆ ಒಬ್ಬರು ಮುಸ್ಲಿಮರು. ಸಾವಿರ ವರ್ಷಗಳ ಹಿಂದೆ ಅವರ ಪೂರ್ವಿಕರಲ್ಲಿ ಕೆಲವರಿಗೆ ಕನ್ನಡ ಅರಸರು ನೆಲೆ ಕೊಟ್ಟರು. ಇಂದು ನೆಲೆ ಕೊಡುವವರು, ಪಡೆಯುವವರು ಎಂಬ ಭೇದವಿಲ್ಲ. ಎಲ್ಲರೂ ಒಂದೇ ಸಂವಿಧಾನದ ಪ್ರಜೆಗಳು. ಆ ಸಮಾನತೆಯನ್ನು ದಿನನಿತ್ಯದ ನಡೆಯಲ್ಲಿ ಉಳಿಸಿಕೊಳ್ಳುವ ಹೊಣೆ ಸರ್ಕಾರದ್ದೂ ಹೌದು, ನಮ್ಮೆಲ್ಲರದೂ ಹೌದು.