ಚಿತ್ರವೂ ಕಾಯಕವೇ



ಚಿತ್ರಕಥೆ ಪುಸ್ತಕಗಳಿಗೆ ಚಿತ್ರ ಬರೆಯುವುದು ನನ್ನ ಕಾಯಕ. ಮಕ್ಕಳಿಗಾಗಿ ಶರಣರ ಚರಿತ್ರೆಯನ್ನು ಚಿತ್ರಗಳಲ್ಲಿ ಬರೆದುಕೊಡಿ ಎಂದು ಕೇಳುವವರು ‘ಸೇವೆಯೆಂದು ಮಾಡಿ’ ಎನ್ನುವುದೂ ಉಂಟು. ಮುದ್ರಣದವರಿಗೆ, ಶಾಮಿಯಾನದವರಿಗೆ ಹಣ ಕೊಟ್ಟು, ಚಿತ್ರಗಾರನಿಗೆ ಮಾತ್ರ ಶಾಲು ಹೊದಿಸಿ ಕಳುಹಿಸಿದರೆ ಅದು ಕಾಯಕಕ್ಕೆ ಸಲ್ಲಿಸಿದ ಗೌರವವೇ?

ಒಂದು ಪುಟದಲ್ಲಿ ಐದಾರು ಚೌಕಗಳು. ಪ್ರತಿಯೊಂದಕ್ಕೂ ಪೆನ್ಸಿಲ್ ಕರಡು, ಶಾಯಿ, ಬಣ್ಣ, ಅಕ್ಷರ. ತಿದ್ದುಪಡಿಯನ್ನು ಕರಡಿನಲ್ಲೇ ಹೇಳಿ. ಶಾಯಿ ಹಾಕಿದ ಮೇಲೆ ಹೇಳಿದರೆ ಪುಟವನ್ನೇ ಮತ್ತೆ ಬರೆಯಬೇಕು.

ಪುಟಗಳೆಷ್ಟು, ಪುಟಕ್ಕೆಷ್ಟು, ಮುಂಗಡವೆಷ್ಟು ಎಂಬುದನ್ನು ಮೊದಲೇ ಕಾಗದದಲ್ಲಿ ಬರೆದುಕೊಳ್ಳಿ. ಹಕ್ಕಿನ ಅವಧಿಯನ್ನೂ ಬರೆಯಿರಿ: 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಅವಧಿ ಹೇಳದೆ ಬರೆಸಿಕೊಂಡ ಹಕ್ಕು 5 ವರ್ಷಕ್ಕೇ ಮುಗಿಯುತ್ತದೆ. ಹಕ್ಕು ಮಠದ್ದಾದರೂ ಪುಸ್ತಕದಲ್ಲಿ ಚಿತ್ರಗಾರನ ಹೆಸರಿರಲಿ. ಅದೂ ಕಾಯ್ದೆ ಅವನಿಗೆ ಉಳಿಸಿರುವ ಅಧಿಕಾರ.

ಶಿಬಿರಕ್ಕೆ ಉಪನ್ಯಾಸಕನಾಗಿ ಕರೆದಾಗಲೂ ಹೀಗೆಯೇ. ಮಕ್ಕಳೆದುರು ಚಿತ್ರ ಬರೆದು ತೋರಿಸುವುದು ಒಂದು ದಿನದ ದುಡಿಮೆ. ಬಸ್ ಚಾರ್ಜು ಸಂಭಾವನೆಯಲ್ಲ.

ದಾಸೋಹ ಬೇಡವೆನ್ನುತ್ತಿಲ್ಲ. ಆದರೆ ಮೊದಲು ಕಾಯಕ, ಅದರ ಗಳಿಕೆಯಿಂದ ದಾಸೋಹ. ನನ್ನ ದಾಸೋಹವನ್ನು ನಾನೇ ಮಾಡಬೇಕು. ಸಮಿತಿಯವರು ನನ್ನ ಪರವಾಗಿ ತೀರ್ಮಾನಿಸಲಾಗದು.