ಪತಂಗದ ವಾಸನೆ ಹೇಳುವ ಸುದ್ದಿ

(ತೇರದಾಳ ಭಾಗದ ಕಬ್ಬು ಬೆಳೆಗಾರರಿಗಾಗಿ ಮಾಡಿದ ಭಾಷಣ)



ತೇರದಾಳದ ಸುತ್ತಿನ ನೀರಾವರಿ ಭೂಮಿಯಲ್ಲಿ ಕಬ್ಬೇ ದೊಡ್ಡ ಬೆಳೆ. ನಾಟಿಯಾಗಿ ಒಂದೆರಡು ತಿಂಗಳಾಗುವಷ್ಟರಲ್ಲಿ, ಅದರಲ್ಲೂ ಬಿಸಿಲು ಏರುವ ಮಾರ್ಚ್‌ನಿಂದ ಮೇ ವರೆಗೆ, ಮರಿಕಬ್ಬಿನ ಸುಳಿ ಒಣಗಿ ನಿಂತದ್ದು ಅಲ್ಲಲ್ಲಿ ಕಾಣುತ್ತದೆ. ಅದನ್ನು ಹಿಡಿದು ಎಳೆದರೆ ಸಲೀಸಾಗಿ ಕಿತ್ತು ಬರುತ್ತದೆ. ಬುಡ ಕೊಳೆತು ನಾರುತ್ತಿರುತ್ತದೆ. ಇದು ಸುಳಿ ಕೊರೆಯುವ ಹುಳುವಿನ ಕೆಲಸವೆಂಬುದು ರೈತರಿಗೆ ಹೊಸ ಮಾತಲ್ಲ. ಆದರೆ ಅದು ತಿಳಿಯುವುದು ತಡವಾಗಿ. ಸುಳಿ ಒಣಗಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಕೀಡೆ ಕಾಂಡದೊಳಗೆ ಸೇರಿಕೊಂಡಿರುತ್ತದೆ. ಮೇಲೆ ಹೊಡೆದ ಔಷಧಿ ಅದಕ್ಕೆ ತಲುಪುವುದು ಕಷ್ಟ. ಹಣ ಹೋಗುವುದು ರೈತನದು, ಸಾಯುವುದು ಹೊಲದ ಮಿತ್ರಕೀಟಗಳು.

ಹಾಗಾದರೆ ಹುಳು ಒಳಹೊಗುವ ಮೊದಲೇ ತಿಳಿಯುವ ಬಗೆ ಹೇಗೆ? ಅದರ ತಾಯಿಯಾದ ಪತಂಗದಿಂದಲೇ ತಿಳಿಯಬೇಕು. ಈ ಹುಲ್ಲು ಬಣ್ಣದ ಪತಂಗ ಹಗಲೆಲ್ಲ ಅಡಗಿದ್ದು ರಾತ್ರಿ ಹಾರುತ್ತದೆ. ಕತ್ತಲಲ್ಲಿ ಗಂಡು ಹೆಣ್ಣನ್ನು ಹುಡುಕುವುದು ಕಣ್ಣಿನಿಂದಲ್ಲ, ವಾಸನೆಯಿಂದ. ಹೆಣ್ಣು ತನ್ನ ಹೊಟ್ಟೆಯ ತುದಿಯಿಂದ ಬಿಡುವ ಅತ್ಯಲ್ಪ ವಾಸನೆಯನ್ನು ಗಂಡಿನ ಮೀಸೆಗಳು ಹಿಡಿಯುತ್ತವೆ. ಗಂಡು ಗಾಳಿಗೆದುರಾಗಿ ಹಾರಿ ಅವಳನ್ನು ಸೇರುತ್ತದೆ. ರೇಷ್ಮೆ ಬಿತ್ತನೆ ಕೋಠಿಗಳಲ್ಲಿ ಕೆಲಸ ಮಾಡಿದವರು, ಗಂಡು ಪತಂಗ ಹಾರಲಾರದಿದ್ದರೂ ರೆಕ್ಕೆ ಬಡಿಯುತ್ತ ಹೆಣ್ಣಿನತ್ತ ಓಡುವುದನ್ನು ಕಂಡಿರುತ್ತಾರೆ. ಈ ರೇಷ್ಮೆ ಪತಂಗದ ವಾಸನೆಯೇ ಮೊದಲು ಬಯಲಾದದ್ದು. ಜರ್ಮನಿಯ ವಿಜ್ಞಾನಿ ಅಡಾಲ್ಫ್ ಬ್ಯೂಟನಾಂಟ್ ಮತ್ತು ಸಂಗಡಿಗರು ಸುಮಾರು 20 ವರ್ಷ ದುಡಿದು, ಐದು ಲಕ್ಷ ಹೆಣ್ಣು ಪತಂಗಗಳಿಂದ ಕೆಲವೇ ಮಿಲಿಗ್ರಾಂ ವಸ್ತು ತೆಗೆದು, 1959ರಲ್ಲಿ ಅದರ ರಚನೆಯನ್ನು ತಿಳಿಸಿದರು. ಅದಕ್ಕೆ ಬಾಂಬಿಕಾಲ್ ಎಂದು ಹೆಸರಾಯಿತು. ಆ ಮೇಲೆ ಒಂದೊಂದೇ ಪೀಡೆಯ ವಾಸನೆಯನ್ನು ಗುರುತಿಸಿ ಪ್ರಯೋಗಾಲಯದಲ್ಲಿ ತಯಾರಿಸುವುದು ಸಾಧ್ಯವಾಯಿತು. ಹತ್ತಿಯ ಗುಲಾಬಿ ಕಾಯಿಕೊರಕದ್ದು ಗೊತ್ತಾದದ್ದು 1973ರಲ್ಲಿ.

ಮೋಹಕ ಬಲೆಯಲ್ಲಿ ಇರುವುದು ಇದೇ ವಾಸನೆ. ಅದನ್ನು ಹೀರಿಸಿದ ರಬ್ಬರಿನ ಗುಳಿಗೆಯನ್ನು ಹೆಣ್ಣೆಂದು ನಂಬಿ ಗಂಡು ಬಂದು ಬೀಳುತ್ತದೆ. ಒಂದು ಜಾತಿಯ ಗುಳಿಗೆಗೆ ಇನ್ನೊಂದು ಜಾತಿ ಸಾಮಾನ್ಯವಾಗಿ ಮೋಸಹೋಗುವುದಿಲ್ಲ. ಆದ್ದರಿಂದ ಹತ್ತಿಯ ಗುಳಿಗೆಯನ್ನು ಕಬ್ಬಿಗೆ ಕಟ್ಟಿ ಪ್ರಯೋಜನವಿಲ್ಲ. ಕೊಳ್ಳುವಾಗ ಪೀಡೆಯ ಹೆಸರು ಹೇಳಿಯೇ ಕೇಳಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಹರಡಿದೆ. ಎಕರೆಗೆ ನಾಲ್ಕೈದು ಬಲೆ ಕಟ್ಟಿದರೆ ಹುಳು ಮುಗಿಯಿತು ಎಂದು ಅನೇಕರು ಭಾವಿಸುತ್ತಾರೆ. ಬಲೆಗೆ ಬೀಳುವುದು ಗಂಡು. ತತ್ತಿ ಇಡುವುದು ಹೆಣ್ಣು. ಉಳಿದ ಒಂದು ಗಂಡು ಹಲವು ಹೆಣ್ಣುಗಳೊಡನೆ ಕೂಡಬಲ್ಲದು. ನಾಲ್ಕೈದು ಬಲೆ ಹೊಲದ ಡಂಗುರದವನಿದ್ದಂತೆ. ಸುದ್ದಿ ಸಾರುವುದಷ್ಟೇ ಅದರ ಕೆಲಸ. ಕಟ್ಟಿ ಮರೆತುಬಿಡುವುದಕ್ಕಿಂತ ಕಟ್ಟದಿರುವುದೇ ಲೇಸು, ಹಣವಾದರೂ ಉಳಿದೀತು. ಬೆಳಿಗ್ಗೆ ಹೋಗಿ ಎಣಿಸಿ, ಗೋಡೆಯ ಪಂಚಾಂಗದ ಮೇಲೆಯೇ ಬರೆದಿಟ್ಟರೂ ಸಾಕು. ಹತ್ತಿಯಲ್ಲಿ ಗುಲಾಬಿ ಕಾಯಿಕೊರಕಕ್ಕೆ ಬಲೆಯೊಂದಕ್ಕೆ ರಾತ್ರಿಗೆ 8 ಪತಂಗದಂತೆ ಸತತ 3 ದಿನ ಬಿದ್ದರೆ ಕ್ರಮ ಕೈಕೊಳ್ಳಬೇಕೆಂಬ ಲೆಕ್ಕವಿದೆ. ಕಬ್ಬಿನಲ್ಲಿ ಎಣಿಕೆ ಏರತೊಡಗಿದ ದಿನವೇ ಮುಖ್ಯ. ಆ ಪತಂಗಗಳ ತತ್ತಿ ಎಲೆಯ ಮೇಲೆ ಬೀಳುತ್ತಿರುವ ಕಾಲ ಅದು.

ಟ್ರೈಕೋಗ್ರಾಮಾ ಪರತಂತ್ರ ಜೀವಿಯ ಕಾರ್ಡು ಕಟ್ಟಬೇಕಾದದ್ದೂ ಆಗಲೇ. ಒಂದು ಮಿಲಿಮೀಟರಿನಷ್ಟೂ ಉದ್ದವಿಲ್ಲದ ಈ ಕಣಜ ಕೊರಕದ ತತ್ತಿಯೊಳಗೆ ತನ್ನ ತತ್ತಿಯಿಟ್ಟು ಅದನ್ನು ಹಾಳುಮಾಡುತ್ತದೆ. ಅದಕ್ಕೆ ತತ್ತಿಯ ಜಾಡು ಸಿಗುವುದೂ ವಾಸನೆಯಿಂದಲೇ. ತಾಯಿಪತಂಗದ ರೆಕ್ಕೆಯಿಂದ ಉದುರಿದ ಹುಡಿಯ ವಾಸನೆ ತಾಗಿದಲ್ಲಿ ಈ ಕಣಜ ನಿಂತು ಹುಡುಕುತ್ತದೆ. ಕಳ್ಳನ ಚಪ್ಪಲಿಯ ಗುರುತು ಹಿಡಿದು ಹೋದಂತೆ! ಎಕರೆಗೆ ಸುಮಾರು 20,000 ಪರತಂತ್ರ ಜೀವಿಗಳಂತೆ, ಹತ್ತು ದಿನಕ್ಕೊಮ್ಮೆ, ಸಂಜೆಯ ತಂಪಿನಲ್ಲಿ ಕಾರ್ಡಿನ ತುಂಡುಗಳನ್ನು ಎಲೆಯ ಕೆಳಮೈಗೆ ಸಿಕ್ಕಿಸಬೇಕು. ಹೊಲದಲ್ಲಿ ತತ್ತಿಯೇ ಇಲ್ಲದಾಗ ಕಟ್ಟಿದ ಕಾರ್ಡು ವ್ಯರ್ಥ. ಕಟ್ಟಿದ ಮೇಲೆ ಔಷಧಿ ಹೊಡೆದರೆ ಕೊಂಡುತಂದ ಕಣಜವನ್ನು ತಾನೇ ಕೊಂದಂತೆ.

ಸುಳಿ ಒಣಗಿದ್ದೆಲ್ಲ ನಷ್ಟವಲ್ಲ ಎಂಬುದೂ ನೆನಪಿರಲಿ. ಬುಡದಿಂದ ಹೊಸ ಮರಿಗಳು ಒಡೆಯುತ್ತವೆ. ರವದಿಯನ್ನು ಸುಡದೆ ಸಾಲಿಗೆ ಹೊದಿಸಿ, ಸಕಾಲಕ್ಕೆ ನೀರು ಕೊಟ್ಟು ಮಣ್ಣೇರಿಸಿದ ಹೊಲದಲ್ಲಿ ಈ ಹುಳುವಿನ ಹಾವಳಿ ಕಡಿಮೆ.

ಗೋವಿನಜೋಳ ಹಾಕುವವರಿಗೂ ಬಲೆಯ ಎಣಿಕೆ ಬೇಕು. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕಡೆ ಮೊದಲು ಕಂಡ ಫಾಲ್ ಸೈನಿಕ ಹುಳು ಬೇಗನೆ ರಾಜ್ಯವೆಲ್ಲ ಹರಡಿತು. ಅದೂ ಸುಳಿಯೊಳಗೆ ಅವಿತು ಕೂಡುವ ಪೀಡೆ. ಮರಿಹುಳು ಸಣ್ಣದಿರುವಾಗಲೇ ಹಿಡಿಯಬೇಕು.

ಗುಳಿಗೆಗಳನ್ನೇ ಹೊಲದ ತುಂಬ ಕಟ್ಟಿ, ಎಲ್ಲೆಡೆಯೂ ಹೆಣ್ಣಿನ ವಾಸನೆಯೇ ಹರಡಿ, ಗಂಡು ದಾರಿತಪ್ಪುವಂತೆ ಮಾಡುವ ಕ್ರಮವೂ ಇದೆ. ಅಮೆರಿಕದ ಹತ್ತಿ ಪ್ರದೇಶಗಳಿಂದ ಗುಲಾಬಿ ಕಾಯಿಕೊರಕವನ್ನು ನಿರ್ಮೂಲಗೊಳಿಸಲಾಯಿತೆಂದು 2018ರಲ್ಲಿ ಸಾರಿದರು. ಅಲ್ಲಿ ಬಿ.ಟಿ. ಹತ್ತಿ ಹಾಗೂ ಬಂಜೆ ಪತಂಗಗಳ ಜೊತೆಗೆ ಈ ಕ್ರಮವೂ ಕೆಲಸ ಮಾಡಿತ್ತು. ಆದರೆ ಅಲ್ಲಿನವರು ಅದನ್ನು ಇಡೀ ಪ್ರದೇಶಕ್ಕೆ ಮಾಡಿದರು. ಒಬ್ಬನೇ ಎರಡೆಕರೆಗೆ ಮಾಡಿದರೆ, ಪಕ್ಕದ ಹೊಲದಲ್ಲಿ ಕೂಡಿದ ಹೆಣ್ಣು ಹಾರಿಬಂದು ಇವನ ಬೆಳೆಯಲ್ಲಿ ತತ್ತಿ ಇಡುತ್ತದೆ. ಬದುವಿಗೆ ಬದು ಹತ್ತಿಕೊಂಡಿರುವ ತೇರದಾಳದ ಕಬ್ಬಿನಲ್ಲಿ ಕಾರ್ಡು ಕಟ್ಟುವುದನ್ನೂ ಒಂದು ಕಾಲುವೆಯ ರೈತರು ಒಂದೇ ವಾರದಲ್ಲಿ ಮುಗಿಸಿದರೆ ಫಲ ಹೆಚ್ಚು.

ಗುಳಿಗೆಯನ್ನು ಬರಿಗೈಯಿಂದ ಮುಟ್ಟಬಾರದು; ಒಂದು ಪೀಡೆಯ ಗುಳಿಗೆ ಮುಟ್ಟಿದ ಕೈಯಿಂದ ಇನ್ನೊಂದನ್ನು ಹಿಡಿದರೆ ಎರಡೂ ಕೆಡುತ್ತವೆ. ಪೊಟ್ಟಣದ ಮೇಲೆ ಬರೆದ ಅವಧಿ ಮುಗಿದ ಕೂಡಲೆ ಬದಲಿಸಬೇಕು. ಹಳೆಯದನ್ನು ಹೊಲದಲ್ಲೇ ಬಿಸಾಡಿದರೆ ಗಂಡು ಅದರತ್ತಲೇ ಸುಳಿದು ಬಲೆಯ ಲೆಕ್ಕ ತಪ್ಪುತ್ತದೆ.